ಒಂದು ಹಳ್ಳ, ಮೂರು ಕೆರೆ, ಎರಡು ಹೊಲ: ಕೆರೆ ಗೋಡಿನ ರಂಜಕ ಕೈಕೊಟ್ಟ ಒಂದು ಪ್ರಕರಣ

ಹೋದ ವರ್ಷ ಜುಲೈ ಕೊನೆಯಲ್ಲಿ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಕ್ಕಾ, ಮುಸುಕಿನ ಜೋಳ ಮೇಲಿನ ಹೊಲದಲ್ಲಿ ನೇರಳೆ ಬಣ್ಣಕ್ಕೆ ತಿರುಗಿದೆ, ಕೆಳಗಿನ ಹೊಲದಲ್ಲಿ ಬೆಳ್ಳಗಾಗ್ತಿದೆ. ಒಂದೇ ಬೀಜ, ಎರಡು ದಿನದ ಅಂತರದಲ್ಲಿ ಬಿತ್ತಿದ್ದು. ಎರಡಕ್ಕೂ ಕೆರೆ ಗೋಡು ಹೊಡೆಸಿದ್ದೀನಿ. ಲ್ಯಾಬ್ ರಿಪೋರ್ಟ್ ಹೇಳಿದ ಹಾಗೇ ಗೊಬ್ಬರ ಹಾಕಿದ್ದೀನಿ. ಒಂದ್ಸಲ ಬಂದು ನೋಡ್ತೀಯಾ?"

ಊರು ಗೌರಿಬಿದನೂರು ತಾಲ್ಲೂಕಿನಲ್ಲಿದೆ. ನಾನು ಮಣ್ಣು ಪರೀಕ್ಷೆ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವಳು. ಶುರುವಿನ ನಾಲ್ಕು ವರ್ಷ ತೀರ್ಥಹಳ್ಳಿ ಕಡೆ ಇದ್ದೆ, ಆಮೇಲೆ ಪೂರ್ತಿ ಬಯಲುಸೀಮೆ. ಈ ಎರಡೂ ಕಡೆಯ ಅನುಭವ ಇರದಿದ್ದರೆ ಇವನ ಹೊಲದ ತೊಂದರೆ ನನಗೂ ಗೊತ್ತಾಗುತ್ತಿರಲಿಲ್ಲ. ಪೂರ್ತಿ ಬರೆಯುತ್ತಿರುವುದು ಯಾಕೆ ಅಂದರೆ, ಪ್ರತಿ ಬೇಸಿಗೆಯಲ್ಲೂ ನಮ್ಮ ಕಡೆ ಸಾವಿರಾರು ಲೋಡ್ ಗೋಡು, ಅಂದರೆ ಕೆರೆಯ ಹೂಳು, ಹೊಲ ಸೇರುತ್ತದೆ. "ಗೋಡು ಅಂದ್ರೆ ಗೋಡು, ಯಾವ ಕೆರೆದಾದರೇನು" ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅದು ನಿಜ ಅಲ್ಲ.

ಮೊದಲು ಹೊಲದಲ್ಲಿ ಕಂಡದ್ದನ್ನು ಹೇಳುತ್ತೇನೆ. ಮೇಲಿನ ಹೊಲ ಬೆಟ್ಟದ ತಪ್ಪಲಿನಲ್ಲಿದೆ, ಮರಳು ಮಿಶ್ರಿತ ಕೆಮ್ಮಣ್ಣು. ಅಲ್ಲಿ ಪೈರು ಮೊಣಕಾಲು ಮುಟ್ಟಿರಲಿಲ್ಲ. ಕೆಳಗಿನ ಎಲೆಗಳ ಅಂಚು ತುದಿಯಿಂದ ಶುರುವಾಗಿ ನೇರಳೆ ಆಗಿತ್ತು, ಕಾಂಡದ ಬುಡವೂ ಹಾಗೇ. ಇದು ರಂಜಕದ ಕೊರತೆಯ ಗುರುತು. ಚಳಿಗೆ, ಬೇರಿಗೆ ಪೆಟ್ಟು ಬಿದ್ದರೆ ಕೂಡ ಜೋಳ ನೇರಳೆ ಆಗುತ್ತದೆ. ಹಾಗಾಗಿ ನಾಲ್ಕು ಗಿಡ ಕಿತ್ತು ನೋಡಿದೆ. ಬೇರಲ್ಲಿ ಹುಳು ಇಲ್ಲ, ಕೊಳೆ ಇಲ್ಲ, ಬೇರು ಬೆಳೆದೇ ಇಲ್ಲ ಅಷ್ಟೆ.

ಕೆಳಗಿನ ಹೊಲ ದೊಡ್ಡ ಕೆರೆಯ ಅಚ್ಚುಕಟ್ಟಿನಲ್ಲಿದೆ, ಮಣ್ಣು ಕಪ್ಪಗೆ ಅಂಟಂಟು. ಅಲ್ಲಿ ಗಿಡ ಎತ್ತರ ಇತ್ತು, ಆದರೆ ಹೊಸ ಎಲೆಗಳ ಬುಡದಲ್ಲಿ, ನಡುನರದ ಎರಡೂ ಕಡೆ, ಸುಣ್ಣ ಬಳಿದ ಹಾಗೆ ಬಿಳಿ ಪಟ್ಟಿ. ಸುಳಿ ಪೂರ್ತಿ ಬಿಳಿಚಿಕೊಂಡಿತ್ತು. ಇದು ಜಿಂಕ್ ಕೊರತೆ, ಅನುಮಾನವೇ ಇಲ್ಲ.

ಆಮೇಲೆ ರಿಪೋರ್ಟ್ ಕೇಳಿದೆ. ಬೇಸಿಗೆಯಲ್ಲಿ ಗೋಡು ತುಂಬಿಸುವ ಮುಂಚೆ ಎರಡು ಕೆರೆಯ ಗೋಡನ್ನೂ ಒಂದು ಲ್ಯಾಬಿಗೆ ಕೊಟ್ಟಿದ್ದ. ಎಷ್ಟು ಜನ ಹಾಗೆ ಮಾಡುತ್ತಾರೆ ಹೇಳಿ? ಮಾಡಬೇಕಾದ್ದನ್ನೇ ಮಾಡಿದ್ದಾನೆ ಪಾಪ. ಮೇಲಿನ ಕೆರೆಯ ಗೋಡಿನಲ್ಲಿ ರಂಜಕ "ಮಧ್ಯಮ" ಅಂತ ಬಂದಿತ್ತು. ಕೆಳಗಿನ ಕೆರೆಯದು "ಕಡಿಮೆ". ಹಾಗಾಗಿ ಮೇಲಿನ ಹೊಲಕ್ಕೆ ರಂಜಕದ ಗೊಬ್ಬರ ಡಿಎಪಿ ನಿಲ್ಲಿಸಿ ಬರೀ ಯೂರಿಯಾ ಕೊಟ್ಟಿದ್ದ, ಕೆಳಗಿನದಕ್ಕೆ ಎಕರೆಗೆ ಎರಡು ಚೀಲ ಡಿಎಪಿ ಹಾಕಿದ್ದ. ಒಂದು ಚೀಲ ಡಿಎಪಿ 50 ಕೆಜಿ, ಅದರಲ್ಲಿ ಶೇ. 46 ರಂಜಕದ ಲೆಕ್ಕ, ಅಂದರೆ 23 ಕೆಜಿ. ಎರಡು ಚೀಲಕ್ಕೆ 46 ಕೆಜಿ. ಆದರೆ ಗಿಡಗಳು ಹೇಳುತ್ತಿರುವುದು ತಿರುಗಾಮುರುಗಾ: ರಂಜಕ ಸಾಕು ಅಂದ ಕಡೆ ಇಲ್ಲ, ಇಲ್ಲ ಅಂದ ಕಡೆ ಜಾಸ್ತಿ ಆಗಿ ಜಿಂಕನ್ನು ಹತ್ತಿಕ್ಕುತ್ತಿದೆ.

ರಿಪೋರ್ಟಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ವಿಧಾನದ ಹೆಸರಿತ್ತು. ಎರಡಕ್ಕೂ "ಬ್ರೇ". ನನಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಉಳಿದ ಅರ್ಧಕ್ಕೆ ಹಳ್ಳದ ಉದ್ದಕ್ಕೂ ನಡೆಯಬೇಕಿತ್ತು.

ಈ ಹಳ್ಳ ಬೆಟ್ಟದಲ್ಲಿ ಹುಟ್ಟುತ್ತದೆ. ಮೂರು ಕೆರೆ ದಾಟಿ, ಮಳೆ ಚೆನ್ನಾಗಿ ಆದ ವರ್ಷ ಮಾತ್ರ ಉತ್ತರ ಪಿನಾಕಿನಿ ಸೇರುತ್ತದೆ. ಒಂದರ ಕೋಡಿ ನೀರು ಇನ್ನೊಂದಕ್ಕೆ. ವರ್ಷದಲ್ಲಿ ಹಳ್ಳ ಹರಿಯುವುದು ಬೆರಳೆಣಿಕೆ ದಿನ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ, ಆಗುಂಬೆಯಲ್ಲಿ ಒಂದು ವರ್ಷಕ್ಕೆ 7000 ಮಿ.ಮೀ. ದಾಟುತ್ತದೆ. ಹತ್ತು ಪಟ್ಟು ವ್ಯತ್ಯಾಸ. ಅಲ್ಲಿ ಹಳ್ಳ ಕೆಸರನ್ನು ಹೊತ್ತುಕೊಂಡು ಹೊಳೆಗೆ, ಹೊಳೆಯಿಂದ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಇಲ್ಲಿ ಹಳ್ಳ ನಿಂತು ನಿಂತು ಹೋಗುತ್ತದೆ. ಪ್ರತಿ ಕೆರೆಯಲ್ಲೂ ಹೊರೆ ಇಳಿಸುತ್ತದೆ, ಆರು ತಿಂಗಳು ಒಣಗುತ್ತದೆ, ಮತ್ತೆ ನೆನೆಯುತ್ತದೆ.

ಮೇಲಿನ ಕೆರೆಯಿಂದ ಶುರು ಮಾಡಿದೆವು. ಇವನು ಗೋಡು ತುಂಬಿಸಿದ್ದು ಹಳ್ಳ ಕೆರೆಗೆ ಬಂದು ಬೀಳುವ ಬಾಯಲ್ಲಿ. ಯಾಕೆ ಅಂದರೆ ಅಲ್ಲಿ ಟ್ರ್ಯಾಕ್ಟರ್ ಹೂತುಕೊಳ್ಳುವುದಿಲ್ಲ. ಹೂತುಕೊಳ್ಳುವುದಿಲ್ಲ ಅಂದಮೇಲೆ ಅದು ಗೋಡು ಅಲ್ಲ, ಮರಳು. ನೀರು ಓಟ ಕಡಿಮೆ ಮಾಡಿದ ಕೂಡಲೇ ಮೊದಲು ಬೀಳುವುದು ದಪ್ಪ ಕಣ, ಭಾರದ ಕಣ. ಒಂದು ಹಿಡಿ ಎತ್ತಿ ಅಂಗೈಯಲ್ಲಿ ನೀರು ಹಾಕಿ ತೊಳೆದೆ. ಬಿಳಿ ಬೆಣಚುಕಲ್ಲಿನ ಚೂರು, ತಿಳಿ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್, ಕಪ್ಪು ಅಭ್ರಕದ ಹೊಳಪು. ಬೆರಳಿಗೆ ಮಣ್ಣು ಹತ್ತಲೇ ಇಲ್ಲ.

ಈ ಮರಳಲ್ಲೂ ರಂಜಕ ಇದೆ. ಸಾರಜನಕ ಗಾಳಿಯಿಂದ ಬರುತ್ತದೆ, ರಂಜಕ ಮಾತ್ರ ಕಲ್ಲಿನಿಂದಲೇ ಬರಬೇಕು. ನಂದಿ ಸುತ್ತಿನ ಗ್ರಾನೈಟಿನಲ್ಲಿ ಅಪಟೈಟ್ ಅನ್ನುವ ಹರಳು ಚೂರುಪಾರು ಇರುತ್ತದೆ. ಅದರಲ್ಲಿ ರಂಜಕ ಸುಣ್ಣದ ಜೊತೆ, ಅಂದರೆ ಕ್ಯಾಲ್ಸಿಯಂ ಜೊತೆ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ಮಲೆನಾಡಿನಲ್ಲಿ ಸಾವಿರಾರು ವರ್ಷದ ಮಳೆ, ಎಲೆಗೊಬ್ಬರದ ಹುಳಿ ಸೇರಿ ಈ ಹರಳನ್ನು ಕರಗಿಸಿಬಿಟ್ಟಿವೆ. ಒಣ ಸೀಮೆಯ ಬೆಟ್ಟದಲ್ಲಿ ಕರಗಲು ನೀರೇ ಸಾಲದು, ಹರಳು ಹರಳಾಗಿಯೇ ಹಳ್ಳಕ್ಕೆ ಬರುತ್ತದೆ. ಗಿಡಕ್ಕೆ ಅದು ಬೀಗ ಹಾಕಿದ ಪೆಟ್ಟಿಗೆ. ನಿಧಾನವಾಗಿ ಬಿಡುತ್ತದೆ ನಿಜ, ಆದರೆ ನೂರು ದಿನದ ಜೋಳಕ್ಕೆ ಆ ನಿಧಾನ ಸಾಕಾಗುವುದಿಲ್ಲ.

ನಡುವಿನ ಕೆರೆಗೆ ಬರುವಷ್ಟರಲ್ಲಿ ಹಳ್ಳದ ಎರಡೂ ಬದಿ ಕೆಂಪು ಹೊಲಗಳು. ಅಲ್ಲಿಂದ ಕೊಚ್ಚಿಕೊಂಡು ಬಂದ ಜೇಡಿ ಕೆರೆ ತುಂಬಾ. ಇಲ್ಲಿ ಒಂದು ವಿಷಯ ಹೇಳಲೇಬೇಕು, ನನಗೆ ಇದು ತುಂಬಾ ಇಷ್ಟದ ವಿಷಯ. ನಮ್ಮ ಹವೆ ಒಣಹವೆ, ಆದರೆ ನಮ್ಮ ಕೆಮ್ಮಣ್ಣು ಈಗಿನ ಹವೆಯಲ್ಲಿ ಮಾತ್ರ ಆದದ್ದಲ್ಲ. ಬಹಳ ಹಳೆಯ ನೆಲ ಇದು, ಹಿಂದಿನ ಕಾಲದ ಹೆಚ್ಚು ಮಳೆಯಲ್ಲಿ ಕಲ್ಲು ಸವೆದು ಕಬ್ಬಿಣದ ತುಕ್ಕು ಉಳಿದು ಕೆಂಪಾಗಿರುವುದು. ಅದಕ್ಕೇ ಈ ಜೇಡಿಯಲ್ಲಿ ರಂಜಕ ಸುಣ್ಣದ ಜೊತೆ ಇಲ್ಲ, ಕಬ್ಬಿಣದ ತುಕ್ಕಿನ ಜೊತೆ ಇದೆ, ತೀರ್ಥಹಳ್ಳಿಯ ಮಣ್ಣಿನ ಹಾಗೇ. ನೆಲ ಹಳೆಯದಾಗುತ್ತಾ ರಂಜಕ ಸುಣ್ಣವನ್ನು ಬಿಟ್ಟು ಕಬ್ಬಿಣ, ಅಲ್ಯೂಮಿನಿಯಂ ಕಡೆಗೆ ಸರಿಯುತ್ತದೆ, ಕೊನೆಗೆ ಅವುಗಳ ಒಳಗೇ ಹುದುಗಿಹೋಗುತ್ತದೆ ಅಂತ 1976ರಲ್ಲಿ ವಾಕರ್ ಮತ್ತು ಸೈಯರ್ಸ್ ನ್ಯೂಜಿಲೆಂಡಿನ ಮಣ್ಣುಗಳನ್ನು ನೋಡಿ ಬರೆದಿದ್ದರು. ಇವತ್ತಿಗೂ ಮಣ್ಣಿನವರು ಅದನ್ನೇ ಹಿಡಿದು ಮಾತಾಡುತ್ತಾರೆ. ಅವರು ಹೇಳಿದ ಆ ಇಡೀ ದಾರಿ ನಮ್ಮ ಊರಿನ ಒಂದೇ ಹಳ್ಳದಲ್ಲಿ ಸಿಗುತ್ತದೆ, ಆದರೆ ನೆಟ್ಟಗೆ ಅಲ್ಲ, ಬೆರೆತು.

ನಡುವಿನ ಕೆರೆಯ ತೂಬಿನ ಹತ್ತಿರ ಇನ್ನೂ ಹಸಿ ಇತ್ತು. ಗುದ್ದಲಿಯಲ್ಲಿ ಒಂದು ಅಡಿ ತೆಗೆದೆವು. ಮೇಲಿನ ನಾಲ್ಕು ಬೆರಳು ಕಂದು. ಅದರ ಕೆಳಗೆ ಬೂದಿ ನೀಲಿ. ಇನ್ನೂ ಕೆಳಗೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಬೂದಿ ಬಣ್ಣದ ಪದರದಲ್ಲಿ ಹುಲ್ಲಿನ ಬೇರು ಇಳಿದ ಕಡೆಯೆಲ್ಲ ಬೇರಿನ ಸುತ್ತ ಕಿತ್ತಳೆ ಬಣ್ಣದ ಕೊಳವೆ, ದಾರದಷ್ಟು ಸಣ್ಣ. ನನ್ನ ತಮ್ಮ ಅದನ್ನು ಉಗುರಲ್ಲಿ ಕೆರೆದು, "ಇದು ತುಕ್ಕು ಅಲ್ವಾ?" ಅಂದ. ತುಕ್ಕೇ. ಕೆರೆ ಹುಲ್ಲು ತನ್ನ ಬೇರಿನ ತನಕ ಗಾಳಿ ಇಳಿಸಿಕೊಳ್ಳುತ್ತದೆ, ಗಾಳಿ ಸೋಕಿದ ಕಡೆ ಕಬ್ಬಿಣ ತುಕ್ಕಾಗುತ್ತದೆ, ರಂಜಕವನ್ನು ಹಿಡಿದುಕೊಳ್ಳುತ್ತದೆ. ಗಾಳಿ ಇಲ್ಲದ ಕಡೆ ತುಕ್ಕು ಕರಗುತ್ತದೆ, ಹಿಡಿದಿದ್ದ ರಂಜಕವನ್ನು ನೀರಿಗೆ ಬಿಟ್ಟುಬಿಡುತ್ತದೆ. 1940ರ ದಶಕದ ಶುರುವಿನಲ್ಲೇ ಇಂಗ್ಲೆಂಡಿನ ಸರೋವರಗಳ ಕೆಸರಿನಲ್ಲಿ ಕ್ಲಿಫರ್ಡ್ ಮಾರ್ಟಿಮರ್ ಅನ್ನುವವರು ಇದನ್ನು ತೋರಿಸಿದ್ದರು. ಕಪ್ಪು ಪದರದಲ್ಲಿ ಇನ್ನೊಂದು ತೊಂದರೆ ಇದೆ. ಅಲ್ಲಿ ಗಂಧಕ ಬಂದು ಕಬ್ಬಿಣವನ್ನು ತಾನೇ ಕಟ್ಟಿಕೊಂಡುಬಿಡುತ್ತದೆ, ಹಾಗಾಗಿ ರಂಜಕ ಹಿಡಿಯಲು ಕಬ್ಬಿಣ ಮಿಗುವುದಿಲ್ಲ. ಬೇಸಿಗೆಯಲ್ಲಿ ಕೆರೆ ನೀರು ಇದ್ದಕ್ಕಿದ್ದ ಹಾಗೆ ಪಾಚಿ ಕಟ್ಟಿ ಹಸಿರಾಗುವುದಕ್ಕೆ ಇದೂ ಒಂದು ಕಾರಣ, ಹೊರಗಿನಿಂದ ಹೊಸದಾಗಿ ಏನೂ ಬರದಿದ್ದರೂ.

ಹಾಗೇ ಒಣಗಿದ ಕೆರೆ ಅಂಗಳಕ್ಕೆ ಮುಂಗಾರಿನ ಮೊದಲ ನೀರು ಬಿದ್ದಾಗ ಕೂಡ ರಂಜಕ ಒಮ್ಮೆಲೇ ಬಿಡುಗಡೆ ಆಗುತ್ತದೆ. ಒಣಗಿ ಸತ್ತ ಸೂಕ್ಷ್ಮಜೀವಿಗಳ ಒಳಗಿದ್ದದ್ದು ಹೊರಗೆ ಬರುತ್ತದೆ. ಮಲೆನಾಡಿನ ಹೊಳೆಯ ತಳ ವರ್ಷದುದ್ದಕ್ಕೂ ತೊಯ್ದೇ ಇರುತ್ತದೆ, ಅಲ್ಲಿ ಹೀಗೆ ಒಣಗಿ ನೆನೆಯುವ ಆಟ ಕಡಿಮೆ.

ಕೆಳಗಿನ ದೊಡ್ಡ ಕೆರೆ ಬೇರೆಯೇ ಲೋಕ. ಇಲ್ಲಿ ಇವನು ಏರಿಯ ಹತ್ತಿರದಿಂದ ತುಂಬಿಸಿದ್ದ. ನೀರು ಕೊನೆಯ ತನಕ ನಿಲ್ಲುವ ಜಾಗ ಅದು, ಅತಿ ಸಣ್ಣ ಜೇಡಿ ಕೂರುವುದೂ ಅಲ್ಲೇ. ಸಣ್ಣ ಕಣಕ್ಕೆ ಮೈ ಜಾಸ್ತಿ, ಹಾಗಾಗಿ ಅದು ಹಿಡಿಯುವ ರಂಜಕವೂ ಜಾಸ್ತಿ. ಮೇಲಿನ ಹೊಲಗಳಲ್ಲಿ ವರ್ಷಾನುಗಟ್ಟಲೆ ಹಾಕಿದ ಡಿಎಪಿ, ಊರಿನ ಚರಂಡಿ, ದನ ಮೈ ತೊಳೆದ ನೀರು ಎಲ್ಲ ಕೊನೆಗೆ ಬಂದು ಕೂರುವುದು ಇಲ್ಲೇ. ಅದರ ಜೊತೆ ಸುಣ್ಣ. ನಮ್ಮ ಕಡೆ ನೀರು ಗಡಸು ಅಂತ ಎಲ್ಲರಿಗೂ ಗೊತ್ತು, ಬಿಸಿನೀರಿನ ಹಂಡೆಯ ಒಳಗೆ ಬಿಳಿ ಕಟ್ಟುತ್ತದಲ್ಲ, ಅದೇ. ಕೋಡಿ ಬೀಳದ ಕೆರೆಯಲ್ಲಿ ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಕೆಸರಲ್ಲಿ ಉಳಿಯುತ್ತದೆ. ಜೇಬಿನಲ್ಲಿದ್ದ ಸಣ್ಣ ಬಾಟಲಿಯಿಂದ ತೆಳು ಹೈಡ್ರೋಕ್ಲೋರಿಕ್ ಆಮ್ಲ ಎರಡು ಹನಿ ಬಿಟ್ಟೆ. ಹೆಂಟೆ ಚುಯ್ಯೆಂದು ನೊರೆ ಬಂತು. ಮೇಲಿನ ಕೆರೆಯಲ್ಲಿ ಇದೇ ಹನಿ ಸುಮ್ನೆ ಇಂಗಿಹೋಗಿತ್ತು.

ಹಾಗಾದರೆ ಈ ಹಳ್ಳದಲ್ಲಿ ಕೆಳಗೆ ಹೋದ ಹಾಗೆ ರಂಜಕದ ಜೊತೆಗಾರ ಎರಡು ಸಲ ಬದಲಾಗಿದ್ದಾನೆ. ಮೇಲೆ ಕಲ್ಲಿನ ಒಳಗಿನ ಸುಣ್ಣ. ನಡುವೆ ಕಬ್ಬಿಣ. ಕೆಳಗೆ ಮತ್ತೆ ಸುಣ್ಣ, ಆದರೆ ಇದು ನೀರಿನಿಂದ ಹೊಸದಾಗಿ ಇಳಿದ ಸುಣ್ಣ, ಜೊತೆಗೆ ಗೊಬ್ಬರದಿಂದ ಬಂದ ಹೊಸ ರಂಜಕ, ಅಪಟೈಟಿನಷ್ಟು ಗಟ್ಟಿ ಹಿಡಿತ ಇಲ್ಲ. ತೀರ್ಥಹಳ್ಳಿ ಕಡೆ ನಾನು ನೋಡಿದ ಹಳ್ಳಗಳಲ್ಲಿ ಈ ತಿರುವು ಬರುವುದೇ ಇಲ್ಲ. ಅಲ್ಲಿ ಮಣ್ಣು ಹುಳಿ, ಸುಣ್ಣ ಮಳೆಗೆ ತೊಳೆದುಹೋಗಿದೆ. ಗುಡ್ಡದ ಬುಡದಿಂದ ಹೊಳೆಯ ತನಕ ರಂಜಕ ಕಬ್ಬಿಣ, ಅಲ್ಯೂಮಿನಿಯಂ ಕೈಯಲ್ಲೇ ಇರುತ್ತದೆ, ಬದಲಾಗುವುದು ಕಣದ ಗಾತ್ರ ಮತ್ತು ಕೊಳೆತ ಎಲೆಯ ಪಾಲು ಮಾತ್ರ. ಅಡಿಕೆ ತೋಟದವರು "ಎಷ್ಟು ಹಾಕಿದರೂ ಮಣ್ಣು ನುಂಗುತ್ತೆ" ಅನ್ನುತ್ತಿದ್ದರು. ನುಂಗುತ್ತಿದ್ದದ್ದು ಈ ಕಬ್ಬಿಣ, ಅಲ್ಯೂಮಿನಿಯಂ.

ಈಗ ಬ್ರೇ ವಿಚಾರಕ್ಕೆ ಬರುತ್ತೇನೆ. 1945ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಬ್ರೇ ಮತ್ತು ಕರ್ಟ್ಜ್ ರೂಪಿಸಿದ ವಿಧಾನ ಅದು. ತೆಳು ಆಮ್ಲ, ಜೊತೆಗೆ ಫ್ಲೋರೈಡ್. ಫ್ಲೋರೈಡ್ ಹೋಗಿ ಅಲ್ಯೂಮಿನಿಯಂ, ಕಬ್ಬಿಣವನ್ನು ಹಿಡಿದುಕೊಂಡು ರಂಜಕವನ್ನು ಬಿಡಿಸುತ್ತದೆ. ಹುಳಿ ಮಣ್ಣಿಗೆ ಒಳ್ಳೆಯ ವಿಧಾನ, ತೀರ್ಥಹಳ್ಳಿಯಲ್ಲಿ ನಾನು ನಾಲ್ಕು ವರ್ಷ ಮಾಡಿದ್ದು ಇದನ್ನೇ. ಆದರೆ ಸುಣ್ಣದ ಗೋಡಿಗೆ ಇದನ್ನು ಹಾಕಿದರೆ ಆಮ್ಲ ಪೂರ್ತಿ ಸುಣ್ಣಕ್ಕೇ ಖರ್ಚಾಗುತ್ತದೆ, ಫ್ಲೋರೈಡನ್ನೂ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ರಂಜಕ ಬಿಡಿಸಲು ಏನೂ ಉಳಿಯುವುದಿಲ್ಲ. ರಿಪೋರ್ಟ್ "ಕಡಿಮೆ" ಅನ್ನುತ್ತದೆ. ಮೇಲಿನ ಕೆರೆಯ ಮರಳಲ್ಲಿ ಉಲ್ಟಾ. ಅಲ್ಲಿ ಆಮ್ಲವನ್ನು ತಡೆಯುವ ಸುಣ್ಣ ಇಲ್ಲ, ಅದು ಅಪಟೈಟನ್ನೇ ಸ್ವಲ್ಪ ಕರಗಿಸಿ, ಗಿಡಕ್ಕೆ ಸಿಗದ ರಂಜಕವನ್ನೂ ಲೆಕ್ಕಕ್ಕೆ ತರುತ್ತದೆ.

ಒಣಸೀಮೆಯ ಸುಣ್ಣದ ಮಣ್ಣಿಗೆ ಅಂತಲೇ 1954ರಲ್ಲಿ ಕೊಲರಾಡೊದ ಓಲ್ಸನ್ ಮತ್ತವರ ಜೊತೆಯವರು ಸೋಡಿಯಂ ಬೈಕಾರ್ಬೊನೇಟ್ ವಿಧಾನ ತಂದರು. ಅದರ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 8.5. ರೂಢಿಯಲ್ಲಿ ಮಣ್ಣಿನ ಪಿಎಚ್ 6.5ಕ್ಕಿಂತ ಕೆಳಗಿದ್ದರೆ ಬ್ರೇ, ಮೇಲಿದ್ದರೆ ಓಲ್ಸನ್. ಆ ಲ್ಯಾಬಿನವರಿಗೆ ಆ ದಿನ ಬಂದ ಮಾದರಿಗಳಲ್ಲಿ ಹೆಚ್ಚಿನವು ಕೆಮ್ಮಣ್ಣು ಇದ್ದಿರಬಹುದು, ಎಲ್ಲವನ್ನೂ ಒಟ್ಟಿಗೆ ಮಾಡಿರಬಹುದು. ಆದರೂ ಇದು ಆಗಬಾರದಿತ್ತು. ರೈತ ಆ ಕಾಗದವನ್ನು ನಂಬಿ ದುಡ್ಡು ಸುರಿಯುತ್ತಾನೆ.

ನಾನು ಮೂರೂ ಕೆರೆಯ ಮಾದರಿ ತಂದು ಓಲ್ಸನ್ ವಿಧಾನದಲ್ಲಿ ಮಾಡಿದೆ. ಅರ್ಧ ಗಂಟೆ ಅಲ್ಲಾಡಿಸಿ, ರಂಜಕ ಇಲ್ಲದ ಇದ್ದಿಲ ಪುಡಿ ಹಾಕಿ ಬಣ್ಣ ತೆಗೆದು ಸೋಸಬೇಕು. ಆಮೇಲೆ ಆಮ್ಲ ಹಾಕುವಾಗ ನೊರೆ ಉಕ್ಕುತ್ತದೆ, ಚೆಲ್ಲದ ಹಾಗೆ ನಿಧಾನ ತಿರುಗಿಸುತ್ತಿರಬೇಕು. ಮಾಲಿಬ್ಡೇಟ್ ಹಾಕಿ ಹತ್ತು ನಿಮಿಷ ಕಾದೆ, ರಂಜಕ ಇದ್ದಷ್ಟೂ ನೀಲಿ ಬಣ್ಣ ಗಾಢವಾಗುತ್ತದೆ. ಮೇಲಿನ ಕೆರೆಯದು ನೀಲಿ ಅನ್ನಬೇಕೋ ಬೇಡವೋ ಅನ್ನುವಷ್ಟು ತೆಳು. ನಡುವಿನದು ಆಕಾಶದ ಬಣ್ಣ. ಕೆಳಗಿನದು ಶಾಯಿ ಬಣ್ಣ, ತೆಳು ಮಾಡಿ ಮತ್ತೆ ಓದಬೇಕಾಯಿತು. ನಮ್ಮಲ್ಲಿ ಹೆಕ್ಟೇರಿಗೆ ಸುಮಾರು 23 ಕೆಜಿಗಿಂತ ಕೆಳಗಿದ್ದರೆ ಕಡಿಮೆ, 57ಕ್ಕಿಂತ ಮೇಲಿದ್ದರೆ ಅಧಿಕ ಅಂತ ಲೆಕ್ಕ. ಮೇಲಿನದು ಕಡಿಮೆ, ನಡುವಿನದು ಮಧ್ಯಮ, ಕೆಳಗಿನದು ಅಧಿಕ. ಹಳೆಯ ರಿಪೋರ್ಟ್ ತಲೆಕೆಳಗಾಗಿತ್ತು.

ಕೆಳಗಿನ ಹೊಲದ ಬಿಳಿ ಪಟ್ಟಿಗೂ ಕಾರಣ ಸಿಕ್ಕಿತು. ಮೊದಲೇ ಸುಣ್ಣದ ಮಣ್ಣು, ಅದರ ಮೇಲೆ ಸುಣ್ಣದ ಗೋಡು, ಅದರ ಮೇಲೆ ಬೇಡದ ಡಿಎಪಿ. ಪಿಎಚ್ ಒಂದು ಅಂಕ ಏರಿದರೆ ಮಣ್ಣಿನ ನೀರಲ್ಲಿ ಕರಗಿರುವ ಜಿಂಕ್ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೇಲಿಂದ ರಂಜಕ ಜಾಸ್ತಿಯಾದರೆ ಗಿಡ ಇರುವ ಜಿಂಕನ್ನೂ ಬಳಸಿಕೊಳ್ಳಲಾರದು.

ಮದ್ದು ದೊಡ್ಡದೇನಲ್ಲ. ಕೆಳಗಿನ ಹೊಲಕ್ಕೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಕಲಸಿ ತಿಳಿ ತೆಗೆದು ಸಿಂಪಡಿಸಿದ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಮೂರನೇ ವಾರಕ್ಕೆ ಸುಳಿ ಹಸಿರಾಗಿ ಬಂತು. ಮೇಲಿನ ಹೊಲದಲ್ಲಿ ಸಾಲಿನ ಪಕ್ಕ ನೇಗಿಲ ಗೆರೆ ಎಳೆದು ಡಿಎಪಿ ಹಾಕಿ ಮುಚ್ಚಿದ. ರಂಜಕ ಮಣ್ಣಲ್ಲಿ ಓಡಾಡುವುದಿಲ್ಲ, ಮೇಲೆ ಎರಚಿದರೆ ಬೇರಿಗೆ ಮುಟ್ಟುವುದಿಲ್ಲ. ಹೊಸ ಎಲೆ ಚೆನ್ನಾಗಿ ಬಂದವು, ಆದರೆ ಶುರುವಿನಲ್ಲಿ ಬೇರು ಸೊರಗಿದ್ದಕ್ಕೆ ತೆನೆ ಸಣ್ಣದೇ ಆಯಿತು. ಆ ನಷ್ಟ ತುಂಬಲಿಲ್ಲ.

ನಿಜವಾದ ತಪ್ಪು ಗೋಡಿನ ಜಾಗ. ಟ್ರ್ಯಾಕ್ಟರ್ ಬಾಡಿಗೆ ಉಳಿಯಲಿ ಅಂತ ಯಾವ ಹೊಲಕ್ಕೆ ಯಾವ ಕೆರೆ ಹತ್ತಿರವೋ ಅಲ್ಲಿಂದಲೇ ತಂದಿದ್ದ. ಎಲ್ಲರೂ ಮಾಡುವುದು ಹಾಗೇ. ಆದರೆ ಹತ್ತಿರದ ಕೆರೆಯಲ್ಲಿ ಇರುವುದು ಹತ್ತಿರದ ಹೊಲದ ಮಣ್ಣೇ ಅಲ್ವಾ? ಮರಳಿನ ಹೊಲಕ್ಕೆ ಮರಳು ಬಿತ್ತು, ಸುಣ್ಣದ ಹೊಲಕ್ಕೆ ಸುಣ್ಣ ಬಿತ್ತು. ಕೆಳಗಿನ ಕೆರೆಯ ಜೇಡಿ ಬೇಕಿದ್ದದ್ದು ಮೇಲಿನ ಕೆಮ್ಮಣ್ಣಿಗೆ. ಅಲ್ಲಿ ಪಿಎಚ್ 6ರ ಆಸುಪಾಸು ಇದೆ. ಸುಣ್ಣವೂ ಬೇಕು, ನೀರು ಹಿಡಿಯುವ ಜೇಡಿಯೂ ಬೇಕು, ರಂಜಕವೂ ಬೇಕು.

ಇನ್ನೊಂದು ಮಾತು. ಈ ಹಳ್ಳಕ್ಕೆ ಮಳೆ ನೀರು, ಊರಿನ ಚರಂಡಿ ನೀರು ಬಿಟ್ಟರೆ ಹೊರಗಿನ ನೀರು ಬರುವುದಿಲ್ಲ. ನಮ್ಮ ಜಿಲ್ಲೆಯಲ್ಲೇ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ, ಕೋಲಾರದಲ್ಲಿ 2018ರಿಂದ ಬೆಂಗಳೂರಿನದೇ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ತುಂಬುವ ಕೆರೆಗಳಿಗೆ ಈ ಲೆಕ್ಕ ಹಾಗೇ ಹಾಕಬೇಡಿ. ಬಳಸಿದ ನೀರಿನಲ್ಲಿ ಸೋಪು, ಮೂತ್ರದ ರಂಜಕ ಇರುತ್ತದೆ, ಎರಡನೇ ಹಂತದ ಸಂಸ್ಕರಣೆಯಲ್ಲಿ ಅದು ಪೂರ್ತಿ ಹೋಗುವುದಿಲ್ಲ. ಅಂಥ ಸರಪಳಿಯಲ್ಲಿ ನೀರು ಮೊದಲು ಮುಟ್ಟುವ ಕೆರೆಯ ಕೆಸರೇ ಜಾಸ್ತಿ ಹಿಡಿದುಕೊಂಡು, ಕೆಳಗೆ ಹೋದ ಹಾಗೆ ಕಡಿಮೆ ಆಗಬಹುದು. ಅಲ್ಲಿನ ಗೋಡನ್ನು ಕೆರೆ ಕೆರೆಗೆ ಬೇರೆಯಾಗಿ, ಭಾರಲೋಹವನ್ನೂ ಸೇರಿಸಿ ಪರೀಕ್ಷೆ ಮಾಡಿಸಿಯೇ ಹೊಲಕ್ಕೆ ಹಾಕಬೇಕು.

ಈ ಬೇಸಿಗೆಯಲ್ಲಿ ಅವನು ಮೇಲಿನ ಹೊಲಕ್ಕೆ ದೊಡ್ಡ ಕೆರೆಯಿಂದ, ಕೆಳಗಿನ ಹೊಲಕ್ಕೆ ನಡುವಿನ ಕೆರೆಯಿಂದ ತರಿಸುತ್ತಿದ್ದಾನೆ. ಡೀಸೆಲ್ ಖರ್ಚು ಏರಿದೆ, ಆದರೆ ಕೆಳಗಿನ ಹೊಲಕ್ಕೆ ಡಿಎಪಿ ಚೀಲ ಇಳಿಸಿಲ್ಲ. ಆಮ್ಲದ ಬಾಟಲಿ ಕೊಡಲು ನನಗೆ ಭಯ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಅದಕ್ಕೆ ನಿಂಬೆಹಣ್ಣು ಹಿಂಡಿ ನೋಡು ಅಂದಿದ್ದೆ. ಒಣ ಹೆಂಟೆ ಪುಡಿ ಮಾಡಿ ಅದರ ಮೇಲೆ ಹಿಂಡಿ, ಕಿವಿ ಹತ್ತಿರ ಹಿಡಿದರೆ ಸುಣ್ಣ ಇದ್ದಾಗ ಸಣ್ಣಗೆ ಚುರುಚುರು ಸದ್ದು ಕೇಳುತ್ತದೆ. ಮೊನ್ನೆ ನಡುವಿನ ಕೆರೆ ಅಂಗಳದಿಂದಲೇ ಫೋನ್ ಮಾಡಿದ, ಹಿಂದೆ ಜೆಸಿಬಿ ಸದ್ದು.

"ಅಕ್ಕಾ, ಮೇಲಿನ ಮಣ್ಣಲ್ಲಿ ಸದ್ದೇ ಇಲ್ಲ. ಎರಡು ಅಡಿ ಕೆಳಗೆ ಹೋದ್ರೆ ಸದ್ದು ಬರ್ತಿದೆ. ಯಾವುದನ್ನ ತುಂಬಿಸ್ಲಿ?"

ನಡುವಿನ ಕೆರೆಯಲ್ಲೂ ಕೆಳಗೆ ಸುಣ್ಣದ ಪದರ ಇದೆ ಅಂತ ನನಗೆ ಗೊತ್ತಿರಲಿಲ್ಲ. ಹೋದ ಸಲ ನಾವು ಒಂದೇ ಅಡಿ ತೆಗೆದಿದ್ದೆವು. "ಕೆಳಗಿನ ಹೊಲಕ್ಕೆ ಸದ್ದಿಲ್ಲದ್ದು ಮಾತ್ರ ತುಂಬಿಸು. ಇನ್ನೊಂದನ್ನ ಬೇರೆ ಗುಡ್ಡೆ ಹಾಕಿಸು, ಭಾನುವಾರ ಬಂದು ಮಾದರಿ ತಗೊಳ್ತೀನಿ" ಅಂದೆ.